ಶಾಲೆಯ ಆಪ್ತಸಮಾಲೋಚನೆಯಲ್ಲಿ ಗೋಪ್ಯತೆ ಮತ್ತು ಗುರುವಿನ ಹೊಣೆ

ಸಂಜೆಯ ಪ್ರಾರ್ಥನೆ ಮುಗಿದು, ವಿದ್ಯಾರ್ಥಿನಿಲಯದ ಮಕ್ಕಳೆಲ್ಲ ತಟ್ಟೆ ಲೋಟಗಳನ್ನು ಹಿಡಿದು ಪ್ರಸಾದದ ಸಾಲಿಗೆ ನಡೆದ ಮೇಲೂ ಒಬ್ಬ ಹುಡುಗ ಕಂಬದ ಮರೆಯಲ್ಲಿ ನಿಂತಿರುತ್ತಾನೆ. ಕೊಠಡಿಗೆ ಬೀಗ ಹಾಕಿ ಹೊರಟ ಉಪಾಧ್ಯಾಯರ ಹಿಂದೆ ನಾಲ್ಕು ಹೆಜ್ಜೆ ಬಂದು, "ಸರ್, ಒಂದು ಮಾತು ಹೇಳ್ತೀನ್ರಿ, ಆದ್ರ ಯಾರ ಮುಂದೂ ಹೇಳಬ್ಯಾಡ್ರಿ" ಎನ್ನುತ್ತಾನೆ. ಉಪಾಧ್ಯಾಯರು ಒಳ್ಳೆಯವರು, ಮಕ್ಕಳ ಮೇಲೆ ಅಂತಃಕರಣವುಳ್ಳವರು. ಕ್ಷಣವೂ ಯೋಚಿಸದೆ, "ಇಲ್ಲಪ್ಪ, ಯಾರ ಮುಂದೂ ಹೇಳೂದಿಲ್ಲ, ಹೇಳು" ಎಂದು ಮಾತು ಕೊಡುತ್ತಾರೆ. ಶಾಲೆಯ ಆಪ್ತಸಮಾಲೋಚನೆಯಲ್ಲಿ ಸಂಭವಿಸುವ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದುದು, ಅತ್ಯಂತ ಸದುದ್ದೇಶದಿಂದ ನಡೆಯುವಂಥದು, ಈ ಒಂದು ಮಾತು. ಹುಡುಗ ಮುಂದೆ ಏನು ಹೇಳಲಿದ್ದಾನೆಂಬುದು ಆ ಗಳಿಗೆಯಲ್ಲಿ ಗುರುವಿಗೆ ತಿಳಿದಿರುವುದಿಲ್ಲ.

ಹೇಳಿದ್ದು ಕೇವಲ ಗಣಿತದ ಅಂಕಗಳ ಅಳಲಾದರೆ ಕೊಟ್ಟ ಮಾತು ಉಳಿಯುತ್ತದೆ. ತಂದೆಯ ಕುಡಿತದ ಸಂಗತಿಯಾದರೂ ಉಳಿಯಬಹುದು. ಆದರೆ ತಾನಿನ್ನು ಬದುಕಿರಲಾರೆನೆಂದೋ, ದೊಡ್ಡವರೊಬ್ಬರು ರಾತ್ರಿಯ ಹೊತ್ತು ತನ್ನೊಡನೆ ನಡೆದುಕೊಂಡ ರೀತಿ ಹೀಗೆಂದೋ ಅವನು ಹೇಳಿದರೆ, ಗುರುವಿನ ಮುಂದೆ ಎರಡೇ ದಾರಿಗಳುಳಿಯುತ್ತವೆ: ಕೊಟ್ಟ ಮಾತನ್ನು ಮುರಿಯುವುದು, ಇಲ್ಲವೆ ಮಗುವನ್ನು ಅಪಾಯದಲ್ಲಿ ಬಿಡುವುದು. ಈ ಇಕ್ಕಟ್ಟಿಗೆ ಮಗು ಹೇಳಿದ ಸಂಗತಿ ಕಾರಣವಲ್ಲ. ಅದನ್ನು ಕೇಳುವ ಮೊದಲೇ ಗುರು ಕೊಟ್ಟ ವಚನ ಕಾರಣ.

ಆಪ್ತಸಮಾಲೋಚನೆಯೆಂಬ ಹೆಸರು ಕನ್ನಡ ಶಾಲೆಗಳಿಗೆ ತೀರ ಹಳೆಯದಲ್ಲ. ಪಾಶ್ಚಾತ್ಯ ದೇಶಗಳಲ್ಲಿಯೂ ಅದು ಮೊದಲು ಕಾಣಿಸಿಕೊಂಡದ್ದು ಉದ್ಯೋಗದ ಆಯ್ಕೆಗೆ ನೆರವಾಗುವ ಕಾರ್ಯವಾಗಿ. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಸ್ಥಾಪಿಸಿದ ವೃತ್ತಿ ಮಾರ್ಗದರ್ಶನ ಕೇಂದ್ರವನ್ನು ಈ ಚಳವಳಿಯ ಆರಂಭವೆಂದು ಶಿಕ್ಷಣ ಶಾಸ್ತ್ರದ ಗ್ರಂಥಗಳು ಗುರುತಿಸುತ್ತವೆ. ಭಾರತದಲ್ಲಿ 1952-53ರ ಮೊದಲಿಯಾರ್ ಆಯೋಗವು ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನ ಸೇವೆಯ ಅಗತ್ಯವನ್ನು ಎತ್ತಿ ಹೇಳಿತು. 1954ರಲ್ಲಿ ದೆಹಲಿಯಲ್ಲಿ ಇದಕ್ಕಾಗಿಯೇ ಒಂದು ಕೇಂದ್ರೀಯ ಸಂಸ್ಥೆ ಸ್ಥಾಪನೆಯಾಯಿತು. 1964-66ರ ಕೊಠಾರಿ ಆಯೋಗವು ಮಾರ್ಗದರ್ಶನವು ಶಿಕ್ಷಣದ ಅವಿಭಾಜ್ಯ ಅಂಗವೆಂದೂ ಪ್ರಾಥಮಿಕ ತರಗತಿಗಳಿಂದಲೇ ಆರಂಭವಾಗಬೇಕೆಂದೂ ಅಭಿಪ್ರಾಯಪಟ್ಟಿತು. ವಿಜ್ಞಾನ ಓದಬೇಕೇ, ವಾಣಿಜ್ಯ ಓದಬೇಕೇ ಎಂಬ ಪ್ರಶ್ನೆಗೆ ಉತ್ತರ ಹೇಳುವವರೆಗೆ ಗೋಪ್ಯತೆಯ ಮಾತೇ ಹೆಚ್ಚಾಗಿ ಏಳಲಿಲ್ಲ. ಮಕ್ಕಳು ಮನೆಯ ಜಗಳ, ಮನಸ್ಸಿನ ಭಯ, ದೇಹದ ಮೇಲಾದ ದೌರ್ಜನ್ಯಗಳನ್ನು ಗುರುವಿನ ಮುಂದೆ ಬಿಚ್ಚತೊಡಗಿದಂದಿನಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು.

ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳ ಸಭೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ಆಪ್ತಸಮಾಲೋಚನೆ ಈ ನಾಡಿಗೆ ಹೊಸದೇನಲ್ಲ, ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿಯೇ ಅದು ಇತ್ತು ಎಂದು. ಅಭಿಮಾನದ ದೃಷ್ಟಿಯಿಂದ ಇದು ಸಂತೋಷದ ಮಾತಾದರೂ ವಿಚಾರದ ದೃಷ್ಟಿಯಿಂದ ಸಡಿಲವಾದುದು. ಅನುಭವ ಮಂಟಪ ಶರಣರು ತಮ್ಮ ಅನುಭಾವವನ್ನು ಎಲ್ಲರೆದುರು ಒರೆಗೆ ಹಚ್ಚಿದ ತೆರೆದ ಸಭೆ. ಅಲ್ಲಿ ಮಾತನಾಡಿದವರು ಪ್ರೌಢರು, ತಮ್ಮ ಮಾತಿಗೆ ತಾವೇ ಹೊಣೆಯಾದವರು. ಆಪ್ತಸಮಾಲೋಚನೆಯಾದರೋ ಇಬ್ಬರ ನಡುವಿನದು, ಅದರಲ್ಲಿ ಒಬ್ಬರು ಮಗು. ಶರಣ ಪರಂಪರೆಯಿಂದ ಇಲ್ಲಿ ನಿಜವಾಗಿ ಪಡೆಯಬಹುದಾದುದು ಬೇರೊಂದಿದೆ: ಹುಟ್ಟು, ವೃತ್ತಿ, ಲಿಂಗಗಳನ್ನು ನೋಡದೆ ಎದುರಿನವರ ಮಾತಿಗೆ ಕಿವಿಗೊಡುವ ಸಮಾನತೆಯ ಭಾವ. ಐದನೆಯ ತರಗತಿಯ ಮಗುವಿನ ಮಾತನ್ನು "ಹುಡುಗಾಟಿಕೆ" ಎಂದು ತಳ್ಳಿಹಾಕದೆ ಕೇಳುವುದಕ್ಕೆ ಆ ಭಾವವೇ ಆಧಾರ.

ಗೋಪ್ಯತೆಯ ಅರ್ಥ

ರೋಗಿಯ ಮನೆಯಲ್ಲಿ ಕಂಡು ಕೇಳಿದ ಸಂಗತಿಗಳನ್ನು ಹೊರಗೆಡಹಬಾರದೆಂಬ ನಿಯಮ ಪ್ರಾಚೀನ ಗ್ರೀಸಿನ ಹಿಪಾಕ್ರಟೀಸನ ಹೆಸರಿನಲ್ಲಿರುವ ವೈದ್ಯರ ಪ್ರತಿಜ್ಞೆಯಲ್ಲಿಯೇ ಇದೆ. ವಕೀಲರು, ಬ್ಯಾಂಕಿನವರು, ಧರ್ಮಗುರುಗಳು ತಮ್ಮ ತಮ್ಮ ವೃತ್ತಿಗೆ ತಕ್ಕಂತೆ ಇದನ್ನು ಪಾಲಿಸುತ್ತ ಬಂದಿದ್ದಾರೆ. ಭಾರತದಲ್ಲಿ ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದೇ ವರ್ಷ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯದೆಯ 23ನೆಯ ಪ್ರಕರಣವು ಮನೋರೋಗ ಚಿಕಿತ್ಸೆಗೆ ಒಳಗಾದವರ ಗೋಪ್ಯತೆಯನ್ನು ಹಕ್ಕೆಂದು ಮನ್ನಿಸಿ, ಜೀವಾಪಾಯ ಮೊದಲಾದ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿಗಳನ್ನೂ ಹೇಳಿತು.

ಇಲ್ಲಿ ಒಂದು ಭೇದವನ್ನು ಅರಿಯುವುದು ಅವಶ್ಯಕ. ನೀತಿಯ ಗೋಪ್ಯತೆ ಬೇರೆ, ನ್ಯಾಯಾಲಯದಲ್ಲಿ ಉತ್ತರ ಹೇಳದಿರುವ ಹಕ್ಕು ಬೇರೆ. ಕಕ್ಷಿದಾರನು ತನ್ನ ವಕೀಲನಿಗೆ ಹೇಳಿದ ಮಾತಿಗೆ 1872ರ ಸಾಕ್ಷ್ಯ ಕಾಯದೆಯೂ, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ರಕ್ಷಣೆ ಕೊಟ್ಟಿವೆ. ಶಾಲೆಯ ಉಪಾಧ್ಯಾಯನಿಗೆ, ಆಪ್ತಸಮಾಲೋಚಕನಿಗೆ ಆ ಬಗೆಯ ರಕ್ಷಣೆಯಿಲ್ಲ. ನ್ಯಾಯಾಲಯ ಕರೆದು ಕೇಳಿದರೆ ಅವನು ಉತ್ತರಿಸಲೇಬೇಕು. ಆದುದರಿಂದ "ನನ್ನ ಜೀವ ಹೋದರೂ ಹೇಳುವುದಿಲ್ಲ" ಎಂಬ ವೀರವಚನವನ್ನು ಯಾವ ಗುರುವೂ ಮಗುವಿಗೆ ಕೊಡಬಾರದು. ಕೊಡುವ ಅಧಿಕಾರವೇ ಅವನಿಗಿಲ್ಲ.

ಅಧ್ಯಾಪಕರ ಕೊಠಡಿ

ಮಗುವಿನ ಗುಟ್ಟು ಬಯಲಾಗುವುದು ಸಾಮಾನ್ಯವಾಗಿ ನ್ಯಾಯಾಲಯದಲ್ಲಲ್ಲ, ದ್ವೇಷದಿಂದಲೂ ಅಲ್ಲ. ಅದು ಬಯಲಾಗುವುದು ಮಧ್ಯಾಹ್ನದ ಚಹಾದ ಹೊತ್ತಿನಲ್ಲಿ, ಅಧ್ಯಾಪಕರ ಕೊಠಡಿಯ ಉದ್ದನೆಯ ಮೇಜಿನ ಸುತ್ತ. "ಪಾಪ, ಆ ಹುಡುಗಿಯ ತಾಯಿ ಮನೆ ಬಿಟ್ಟು ಹೋಗ್ಯಾಳಂತ" ಎಂದು ಒಬ್ಬರು ಕನಿಕರದಿಂದಲೇ ಹೇಳುತ್ತಾರೆ. ಕೇಳಿದ ನಾಲ್ವರೂ ಕನಿಕರದಿಂದಲೇ ಕೇಳುತ್ತಾರೆ. ಮರುದಿನ ಹೊಲಿಗೆಯ ತರಗತಿಯಲ್ಲಿ ಒಬ್ಬ ಉಪಾಧ್ಯಾಯಿನಿ ಆ ಹುಡುಗಿಯ ತಲೆ ಸವರಿ, "ಧೈರ್ಯ ತಗೋ ತಂಗಿ" ಎನ್ನುತ್ತಾರೆ. ಆ ಒಂದು ಸ್ಪರ್ಶದಿಂದ ಹುಡುಗಿಗೆ ಎಲ್ಲವೂ ಅರ್ಥವಾಗುತ್ತದೆ. ಬಹುಶಃ ಆ ವರ್ಷ ಅವಳು ಮತ್ತೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಅವಳನ್ನು ನೋಡಿದ ಅವಳ ಗೆಳತಿಯರೂ ಬಿಡುವುದಿಲ್ಲ.

ಪ್ರಾರ್ಥನಾ ಸಭೆಯ ನೀತಿಬೋಧೆ ಇನ್ನೊಂದು ಸ್ಥಳ. ಹೆಸರು ಹೇಳದೆ "ನಮ್ಮ ಶಾಲೆಯಲ್ಲಿಯೇ ಒಬ್ಬ ವಿದ್ಯಾರ್ಥಿ ಇದ್ದಾನೆ" ಎಂದು ಆರಂಭಿಸುವ ದೃಷ್ಟಾಂತವು ಮುನ್ನೂರು ಮಕ್ಕಳ ಕಣ್ಣುಗಳನ್ನು ಒಬ್ಬನ ಕಡೆಗೆ ತಿರುಗಿಸಬಲ್ಲುದು. ಸಣ್ಣ ಊರಿನ ಶಾಲೆಯಲ್ಲಿ ಹೆಸರು ಬಿಟ್ಟರೆ ಗುರುತು ಮರೆಯಾಗುತ್ತದೆಂದು ತಿಳಿಯುವುದು ಭ್ರಮೆ. ತಂದೆಯ ಕಸುಬು, ಓಣಿ, ಅಣ್ಣತಮ್ಮಂದಿರ ಸಂಖ್ಯೆ, ಇಷ್ಟಿದ್ದರೆ ಹೆಸರು ಬೇಕಾಗುವುದಿಲ್ಲ. ಇತ್ತೀಚೆಗೆ ಉಪಾಧ್ಯಾಯರ ಕೈಯಲ್ಲಿರುವ ಫೋನಿನ ಗುಂಪುಗಳು ಈ ಕೊಠಡಿಗೆ ಸಾವಿರ ಕಿಟಕಿಗಳನ್ನು ತೆರೆದಿವೆ. ಒಬ್ಬ ವಿದ್ಯಾರ್ಥಿಯ ಪತ್ರದ ಛಾಯಾಚಿತ್ರ ಒಮ್ಮೆ ಆ ಗುಂಪಿಗೆ ಬಿದ್ದರೆ ಅದನ್ನು ಮರಳಿ ಪಡೆಯುವ ಉಪಾಯ ಯಾರಲ್ಲಿಯೂ ಇಲ್ಲ.

ಉದಾರಿಗಳಾದ ದಾನಿಗಳ ಸಂಬಂಧದಲ್ಲಿಯೂ ಒಂದು ಮಾತನ್ನು ವಿನಯದಿಂದ ಹೇಳಬೇಕಾಗುತ್ತದೆ. ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ನಡೆಸುವ ಸಂಸ್ಥೆಗಳು ದಾನಿಗಳ ನೆರವಿಲ್ಲದೆ ನಡೆಯಲಾರವು. ತಾವು ಕೊಟ್ಟ ಹಣ ಎಂಥ ಮಗುವಿಗೆ ತಲುಪಿತೆಂದು ತಿಳಿಯುವ ಕುತೂಹಲವೂ ಸಹಜವಾದುದೇ. ಆದರೆ ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಿ, ಅವನ ತಂದೆ ಸಾಲದ ಬಾಧೆಯಿಂದ ಹೇಗೆ ತೀರಿಕೊಂಡನೆಂಬುದನ್ನು ಧ್ವನಿವರ್ಧಕದಲ್ಲಿ ವರ್ಣಿಸಿ, ಆಮೇಲೆ ಅವನ ಕೈಗೆ ಪುಸ್ತಕಗಳ ಕಟ್ಟನ್ನು ಕೊಡುವ ಪದ್ಧತಿ ದಾಸೋಹದ ತತ್ತ್ವಕ್ಕೆ ಒಪ್ಪುವಂಥದಲ್ಲ. ಆ ವಿವರಗಳು ಶಾಲೆಗೆ ಬಂದದ್ದು ಹೇಗೆ? ಪ್ರವೇಶದ ಸಮಯದಲ್ಲಿ ತಾಯಿ ಕಣ್ಣೀರಿಟ್ಟು ಹೇಳಿದ್ದರಿಂದ. ಅಥವಾ ಹುಡುಗ ತನ್ನ ಗುರುವಿನ ಮುಂದೆ ತೋಡಿಕೊಂಡದ್ದರಿಂದ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆನ್ನುವ ನಾಡಿನಲ್ಲಿ, ಪಡೆದ ಕೈಯ ಹೆಸರನ್ನು ಊರಿಗೆಲ್ಲ ಸಾರುವುದು ಸರಿಯೇ? ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗುವ ಛಾಯಾಚಿತ್ರಗಳಿಗೂ ಅವುಗಳ ಕೆಳಗಿನ ಸಾಲುಗಳಿಗೂ ಈ ಮಾತು ಅನ್ವಯಿಸುತ್ತದೆ. ಇಷ್ಟು ವಿದ್ಯಾರ್ಥಿಗಳಿಗೆ ನೆರವು ಸಂದಿತು, ಅವರಲ್ಲಿ ಇಷ್ಟು ಜನ ಉತ್ತೀರ್ಣರಾದರು ಎಂಬ ಲೆಕ್ಕ ಯಾವ ದಾನಿಗೂ ಕಡಿಮೆಯೆನಿಸಲಾರದು.

ತಂದೆತಾಯಿಗಳ ಹಕ್ಕು

ತಂದೆತಾಯಿಗಳ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಹದಿನೆಂಟು ತುಂಬದ ಮಗುವಿನ ಪಾಲನೆಯ ಹೊಣೆ ಅವರದು. ತಮ್ಮ ಮಗು ಶಾಲೆಯಲ್ಲಿ ಏನು ಹೇಳಿತೆಂದು ಕೇಳುವ ಅವರನ್ನು ಪರಕೀಯರೆಂದು ಬಾಗಿಲಾಚೆ ನಿಲ್ಲಿಸುವಂತಿಲ್ಲ. ಇಂಗ್ಲೆಂಡಿನಲ್ಲಿ 1985ರಲ್ಲಿ ಗಿಲಿಕ್ ಮೊಕದ್ದಮೆಯೆಂದು ಪ್ರಸಿದ್ಧವಾದ ತೀರ್ಪಿನಲ್ಲಿ ಅಲ್ಲಿಯ ಹೌಸ್ ಆಫ್ ಲಾರ್ಡ್ಸ್ ಈ ವಿಷಯವನ್ನು ಬಹುಮತದಿಂದ ಹೀಗೆ ಬಗೆಹರಿಸಿತು: ವೈದ್ಯಕೀಯ ಸಲಹೆಯ ಸ್ವರೂಪವನ್ನೂ ಪರಿಣಾಮವನ್ನೂ ಅರಿಯುವಷ್ಟು ತಿಳಿವಳಿಕೆ ಮಗುವಿಗೆ ಬಂದಿದ್ದರೆ, ವಯಸ್ಸು ಹದಿನಾರು ತುಂಬಿರದಿದ್ದರೂ ಅದರ ಸಮ್ಮತಿಗೆ ಬೆಲೆಯಿದೆ. ತಂದೆತಾಯಿಗಳ ಅಧಿಕಾರ ಮಗು ಬೆಳೆದಂತೆ ಕ್ರಮೇಣ ಕುಗ್ಗುತ್ತ ಹೋಗುತ್ತದೆಂಬುದು ಅದರ ಹಿಂದಿನ ವಿಚಾರ. ಭಾರತದ ಕಾನೂನು ಈ ಮಾರ್ಗವನ್ನು ಹಿಡಿದಿಲ್ಲ. ಇಲ್ಲಿ ಹದಿನೆಂಟೇ ಗೆರೆ. ಆದರೂ ಏಳು ವರ್ಷದ ಮಗುವಿನ ಮಾತಿಗೂ ಹದಿನೇಳರ ತರುಣಿಯ ಮಾತಿಗೂ ಒಂದೇ ಅಳತೆಗೋಲನ್ನು ಹಿಡಿಯಲಾಗದೆಂಬುದು ಅನುಭವಸ್ಥ ಉಪಾಧ್ಯಾಯರಿಗೆಲ್ಲ ತಿಳಿದ ವಿಷಯ.

ಹತ್ತನೆಯ ತರಗತಿಯ ಒಬ್ಬ ಹುಡುಗಿ ತನಗೊಬ್ಬನಿಂದ ಪತ್ರ ಬಂದಿದೆಯೆಂದೂ ತಾನು ಉತ್ತರ ಬರೆಯಲಿಲ್ಲವೆಂದೂ ಆದರೆ ಮನಸ್ಸು ಓದಿನಲ್ಲಿ ನಿಲ್ಲುತ್ತಿಲ್ಲವೆಂದೂ ಉಪಾಧ್ಯಾಯಿನಿಯ ಬಳಿ ಹೇಳಿಕೊಂಡಳೆಂದು ಭಾವಿಸಬಹುದು. ಕರ್ತವ್ಯನಿಷ್ಠೆಯಿಂದ ಉಪಾಧ್ಯಾಯಿನಿ ಆ ಸಂಗತಿಯನ್ನು ಮನೆಗೆ ತಿಳಿಸಿದರೆ ಏನಾಗಬಹುದು? ಕೆಲವು ಮನೆಗಳಲ್ಲಿ ತಾಯಿ ಮಗಳನ್ನು ಹತ್ತಿರ ಕೂಡಿಸಿಕೊಂಡು ಮಾತನಾಡಿಯಾಳು. ಕೆಲವು ಮನೆಗಳಲ್ಲಿ ಹುಡುಗಿಯ ಶಾಲೆ ಅಂದಿಗೇ ನಿಂತು, ಪರೀಕ್ಷೆಗೆ ಮೊದಲೇ ವರನ ಹುಡುಕಾಟ ಆರಂಭವಾದೀತು. 2006ರ ಬಾಲ್ಯವಿವಾಹ ನಿಷೇಧ ಕಾಯದೆ ಇದ್ದರೂ ಅದು ಪ್ರತಿಯೊಂದು ಮನೆಯ ಹೊಸ್ತಿಲಲ್ಲಿ ಕಾವಲು ನಿಂತಿರುವುದಿಲ್ಲ. ಮನೆಯ ಸ್ವಭಾವವನ್ನು ತಿಳಿಯದೆ ಕೊಟ್ಟ ಸುದ್ದಿ ಹುಡುಗಿಯ ಮೇಲೆ ಎಸೆದ ಕಲ್ಲಾಗಬಹುದು. ಇಂಥ ಕಡೆ ತಿಳಿಸುವ ಮೊದಲು ಹುಡುಗಿಯನ್ನೇ ಕೇಳುವುದು, ಯಾರಿಗೆ ಹೇಳಿದರೆ ಒಳಿತೆಂದು ಅವಳೊಡನೆಯೇ ಯೋಚಿಸುವುದು, ಸಾಧ್ಯವಾದರೆ ಅವಳೇ ತಾಯಿಗೆ ಹೇಳುವಂತೆ ಮಾಡಿ ಉಪಾಧ್ಯಾಯಿನಿ ಪಕ್ಕದಲ್ಲಿ ಕುಳಿತಿರುವುದು ವಿವೇಕದ ಮಾರ್ಗ. ತಂದೆತಾಯಿಗಳಿಗೆ ತಿಳಿಯಬೇಕಾದುದು ಮಗುವಿನ ಕಷ್ಟದ ಸ್ವರೂಪ ಮತ್ತು ತಾವು ಮಾಡಬೇಕಾದ ಕಾರ್ಯ; ಮಗು ಆಡಿದ ಪ್ರತಿಯೊಂದು ಶಬ್ದವಲ್ಲ.

ಮೌನ ಮುರಿಯಬೇಕಾದ ಸಂದರ್ಭ

ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಭಾರತದಿಂದ ಹೋಗಿದ್ದ ವಿದ್ಯಾರ್ಥಿಯೊಬ್ಬನು ಅಲ್ಲಿಯ ಆಸ್ಪತ್ರೆಯ ಮನಶ್ಶಾಸ್ತ್ರಜ್ಞನ ಮುಂದೆ, ತನ್ನನ್ನು ನಿರಾಕರಿಸಿದ ತರುಣಿಯನ್ನು ಕೊಲ್ಲುವ ಉದ್ದೇಶವನ್ನು ಬಾಯಿಬಿಟ್ಟನು. ಮನಶ್ಶಾಸ್ತ್ರಜ್ಞನು ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದನು. ಅವರು ವಿದ್ಯಾರ್ಥಿಯನ್ನು ಕರೆದು ವಿಚಾರಿಸಿ, ವಿವೇಕಿಯಾಗಿ ತೋರುತ್ತಾನೆಂದು ಬಿಟ್ಟುಕೊಟ್ಟರು. ತರುಣಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಅವಳ ಕೊಲೆಯಾಯಿತು. ಟಾರಸಾಫ್ ಮೊಕದ್ದಮೆಯೆಂದು ಹೆಸರಾದ ಈ ಪ್ರಕರಣದಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಒಮ್ಮೆ, ಮರುವಿಚಾರಣೆಯ ಬಳಿಕ 1976ರಲ್ಲಿ ಇನ್ನೊಮ್ಮೆ ತೀರ್ಪು ಕೊಟ್ಟು, ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದೆಯೆಂದು ಕಂಡಾಗ ಅವರನ್ನು ರಕ್ಷಿಸಲು ತಕ್ಕ ಕ್ರಮ ಕೈಗೊಳ್ಳುವುದು ಚಿಕಿತ್ಸಕನ ಕರ್ತವ್ಯವೆಂದು ಸಾರಿತು. ಆ ತೀರ್ಪು ಭಾರತದಲ್ಲಿ ಕಾನೂನಲ್ಲವಾದರೂ ಜಗತ್ತಿನ ಬಹುಭಾಗದ ಆಪ್ತಸಮಾಲೋಚಕರು ಗೋಪ್ಯತೆಯ ಎಲ್ಲೆಯನ್ನು ಯೋಚಿಸುವ ರೀತಿಯನ್ನು ಅದು ರೂಪಿಸಿದೆ. ಪೊಲೀಸರಿಗೆ ಒಂದು ಚೀಟಿ ಕಳಿಸಿ ಕೈತೊಳೆದುಕೊಂಡರೆ ಸಾಲದೆಂಬುದು ಅದರಿಂದ ಮನವರಿಕೆಯಾಗುವ ಸಂಗತಿ.

ಮಗು ತನ್ನ ಪ್ರಾಣಕ್ಕೆ ತಾನೇ ಎರವಾಗುವ ಮಾತನ್ನಾಡಿದಾಗ ಮೌನಕ್ಕೆ ಎಡೆಯೇ ಇಲ್ಲ. ಸಾಯುತ್ತೇನೆನ್ನುವವರು ಸಾಯುವುದಿಲ್ಲವೆಂಬ ಲೋಕದ ಮಾತು ಅಪಾಯಕಾರಿ. ಸಾಯುವ ಯೋಚನೆ ಬಂದಿದೆಯೇ ಎಂದು ಶಾಂತವಾಗಿ, ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲವೆಂದು ಮನೋವೈದ್ಯರು ಒತ್ತಿ ಹೇಳುತ್ತಾರೆ. ಆ ಮಗುವನ್ನು ಒಂಟಿಯಾಗಿ ಬಿಡದೆ, ಮುಖ್ಯೋಪಾಧ್ಯಾಯರಿಗೂ ಮನೆಯವರಿಗೂ ಅಂದೇ ತಿಳಿಸಿ, ವೈದ್ಯರ ಬಳಿಗೆ ಕರೆದೊಯ್ಯಬೇಕು. ಹಳ್ಳಿಯ ಶಾಲೆಗೆ ಮನೋವೈದ್ಯರೆಲ್ಲಿ ಎಂಬ ಪ್ರಶ್ನೆಗೆ ಒಂದು ಉತ್ತರ ಕರ್ನಾಟಕದಲ್ಲಿಯೇ ಹುಟ್ಟಿದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ 14416 ಸಂಖ್ಯೆಯ ಟೆಲಿ-ಮಾನಸ್ ದೂರವಾಣಿ ಸೇವೆಯೂ ಇದೆ. ಅದರ ತಾಂತ್ರಿಕ ಮೇಲ್ವಿಚಾರಣೆಯಲ್ಲಿಯೂ ನಿಮ್ಹಾನ್ಸ್ ಮುಂದಿದೆ.

ಮೂರನೆಯ ಸಂದರ್ಭವೇ ವಸತಿ ಶಾಲೆಗಳನ್ನು ನಡೆಸುವ ಪ್ರತಿಯೊಂದು ಸಂಸ್ಥೆಯ ಅಂತಃಸತ್ತ್ವವನ್ನು ಪರೀಕ್ಷೆಗೆ ಒಡ್ಡುವಂಥದು. 2012ರ ನವೆಂಬರ್ 14ರಂದು ಜಾರಿಗೆ ಬಂದ, ಪೋಕ್ಸೊ ಎಂದೇ ಪರಿಚಿತವಾದ ಕಾಯದೆಯ 19ನೆಯ ಪ್ರಕರಣದ ಮೇರೆಗೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಅಥವಾ ನಡೆಯಬಹುದೆಂಬ ಶಂಕೆಯುಳ್ಳ ಯಾರೇ ಆಗಲಿ, ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವನಿಗೆ 21ನೆಯ ಪ್ರಕರಣ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಶಿಕ್ಷೆ ಒಂದು ವರ್ಷದವರೆಗೆ. ಸದ್ಭಾವದಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬರದಂತೆ ರಕ್ಷಣೆಯೂ ಅದೇ ಕಾಯದೆಯಲ್ಲಿದೆ. ಶಿಕ್ಷಣ ಸಂಸ್ಥೆಯ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿರುವವನೋ ಸಿಬ್ಬಂದಿಯೋ ಅಲ್ಲಿಯ ಮಗುವಿನ ಮೇಲೆ ಎಸಗಿದ ಅಪರಾಧವನ್ನು ಕಾಯದೆ ಇನ್ನೂ ಘೋರವಾದುದೆಂದು ಎಣಿಸುತ್ತದೆ. ಮಹಾರಾಷ್ಟ್ರದ ಶಾಲೆಯೊಂದರ ವಿದ್ಯಾರ್ಥಿನಿಯರ ನಿಲಯದ ಪ್ರಕರಣದಲ್ಲಿ, ಸಂಗತಿ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲವೆಂಬ ಆಪಾದನೆಗೆ ಒಳಗಾದ ವೈದ್ಯರೊಬ್ಬರ ಮೇಲಿನ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯ ರದ್ದುಪಡಿಸಿತ್ತು. 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿ, ತಿಳಿಸದಿರುವುದು ಗಂಭೀರ ಅಪರಾಧವೆಂದು ಸ್ಪಷ್ಟಪಡಿಸಿತು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಕಾಲು ಹಿಂದೆಗೆಯುವುದೇಕೆ? ಅದಕ್ಕೆ ಕೊಡುವ ಕಾರಣ ಬಹುಮಟ್ಟಿಗೆ ಒಂದೇ: ಸಂಸ್ಥೆಯ ಮರ್ಯಾದೆ. ಇಷ್ಟು ವರ್ಷ ಭಕ್ತರು ಕಾಳು ಕಾಳು ಕೂಡಿಸಿ ಕಟ್ಟಿದ ಸಂಸ್ಥೆ ಒಬ್ಬನ ತಪ್ಪಿನಿಂದ ಬೀದಿಗೆ ಬರಬೇಕೇ, ತಪ್ಪಿತಸ್ಥನನ್ನು ಸದ್ದಿಲ್ಲದೆ ಕೆಲಸದಿಂದ ತೆಗೆದರೆ ಸಾಲದೇ ಎಂದು ಹಿರಿಯರು ಕೇಳುತ್ತಾರೆ. ಆ ನೋವು ಸುಳ್ಳಲ್ಲ. ಆದರೆ ಸದ್ದಿಲ್ಲದೆ ತೆಗೆದವನು ಮುಂದಿನ ಜೂನ್ ತಿಂಗಳಲ್ಲಿ ಇನ್ನೊಂದು ಊರಿನ ಶಾಲೆಯಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತಾನೆ, ಅಲ್ಲಿಯೂ ಮಕ್ಕಳಿದ್ದಾರೆ. ಮಗು ನಂಬಿ ಆಡಿದ ಮಾತನ್ನು ದೊಡ್ಡವರು ತಮ್ಮ ಅನುಕೂಲಕ್ಕಾಗಿ ಮುಚ್ಚಿಡುವುದಕ್ಕೆ ಗೋಪ್ಯತೆಯೆಂಬ ಗೌರವದ ಹೆಸರನ್ನು ಕೊಡಲಾಗದು. ಗೋಪ್ಯತೆ ಮಗುವಿನ ಸ್ವತ್ತು, ಸಂಸ್ಥೆಯದಲ್ಲ.

ತಿಳಿಸುವುದೆಂದರೆ ಸಾರುವುದಲ್ಲ. ಕಾನೂನು ಒಂದು ಕೈಯಿಂದ ಹೇಳೆನ್ನುತ್ತದೆ, ಇನ್ನೊಂದು ಕೈಯಿಂದ ಬಾಯಿಗೆ ಬೆರಳಿಡುತ್ತದೆ. ಪೋಕ್ಸೊ ಕಾಯದೆಯ 23ನೆಯ ಪ್ರಕರಣವೂ 2015ರ ಬಾಲನ್ಯಾಯ ಕಾಯದೆಯ 74ನೆಯ ಪ್ರಕರಣವೂ ಮಗುವಿನ ಹೆಸರು, ವಿಳಾಸ, ಶಾಲೆ ಮುಂತಾಗಿ ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸಬಾರದೆನ್ನುತ್ತವೆ. ಪೊಲೀಸರು ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಮವಸ್ತ್ರ ಧರಿಸದೆ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯ ಮೂಲಕ ಪಡೆಯಬೇಕು. ರಾತ್ರಿ ಠಾಣೆಯಲ್ಲಿ ಮಗುವನ್ನು ಇರಿಸಿಕೊಳ್ಳುವಂತಿಲ್ಲ. ಶಾಲೆಯವರು ಇದನ್ನು ತಿಳಿದಿದ್ದರೆ ಮಗುವಿನ ಪರವಾಗಿ ಕೇಳಬಲ್ಲರು. ಹಾಗೆಯೇ ಗುರು ತನಿಖಾಧಿಕಾರಿಯಲ್ಲ. ಮಗುವನ್ನು ಮತ್ತೆ ಮತ್ತೆ ಕರೆದು ಕೇಳುವುದು, ಆಪಾದಿತನನ್ನು ಎದುರಿಗೆ ನಿಲ್ಲಿಸಿ "ಇವರ ಮುಂದ ಹೇಳು" ಎನ್ನುವುದು, ಆಡಳಿತ ಮಂಡಳಿಯ ಸಭೆಯಲ್ಲಿ ಪಂಚಾಯಿತಿ ಮಾಡುವುದು, ಇವೆಲ್ಲ ಗಾಯವನ್ನು ಕೆದಕುವ ಕೆಲಸಗಳು. ಮಗು ಆಡಿದ ಮಾತನ್ನು ಅದರ ಶಬ್ದಗಳಲ್ಲಿಯೇ, ದಿನಾಂಕ ಹೊತ್ತುಗಳೊಡನೆ ಬರೆದಿಟ್ಟು, ಸಂಬಂಧಪಟ್ಟವರಿಗೆ ಒಪ್ಪಿಸುವುದಷ್ಟೇ ಗುರುವಿನ ಪಾಲು. ದಾರಿ ತೋಚದಿದ್ದರೆ 1098ರ ಮಕ್ಕಳ ಸಹಾಯವಾಣಿ ಹಗಲಿರುಳೂ ಇದೆ.

ಈ ಕಾಯದೆಯಲ್ಲಿ ಬಿಚ್ಚಲಾರದ ಗಂಟೊಂದಿದೆ. ಹದಿನೇಳು ವರ್ಷದ ಹುಡುಗಿಯೂ ಅವಳ ವಯಸ್ಸಿನ ಹುಡುಗನೂ ಪರಸ್ಪರ ಒಪ್ಪಿ ಎಲ್ಲೆ ಮೀರಿದ್ದಾರೆಂದು ಗುರುವಿಗೆ ತಿಳಿದರೆ, ಕಾಯದೆಯ ದೃಷ್ಟಿಯಲ್ಲಿ ಅದೂ ಅಪರಾಧವೇ, ತಿಳಿಸುವ ಹೊಣೆಯೂ ಅಷ್ಟೇ. ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರ ನವೆಂಬರಿನಲ್ಲಿ ಈ ವಯೋಮಿತಿಯನ್ನು ಕುರಿತು ಮರುಚಿಂತನೆ ನಡೆಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗವು 2023ರ ಸೆಪ್ಟೆಂಬರಿನ ತನ್ನ 283ನೆಯ ವರದಿಯಲ್ಲಿ ವಯೋಮಿತಿಯನ್ನು ಇಳಿಸುವುದು ಬೇಡವೆಂದೂ, ಹದಿನಾರರಿಂದ ಹದಿನೆಂಟರ ನಡುವಿನವರ ವಿಷಯದಲ್ಲಿ ಶಿಕ್ಷೆಯ ಸಂಬಂಧವಾಗಿ ನ್ಯಾಯಾಧೀಶರಿಗೆ ವಿವೇಚನೆಯಿರಲೆಂದೂ ಶಿಫಾರಸು ಮಾಡಿತು. ಕಾಯದೆ ತಪ್ಪೋ ಸರಿಯೋ, ಗುರುವಿಗೆ ಅದನ್ನು ಮೀರುವ ಸ್ವಾತಂತ್ರ್ಯವಿಲ್ಲ. ಅವನಲ್ಲಿ ಇರಬಹುದಾದ ಪ್ರಾಮಾಣಿಕತೆಯೊಂದೇ: ಮಕ್ಕಳು ಬಾಯಿ ಬಿಡುವ ಮೊದಲೇ ತನ್ನ ಎಲ್ಲೆಯನ್ನು ಅವರಿಗೆ ತಿಳಿಸಿರುವುದು.

ದಾಖಲೆಗಳು

ಬರೆದಿಟ್ಟ ಟಿಪ್ಪಣಿಗಳ ಬಗ್ಗೆ ಎಚ್ಚರ ವಹಿಸುವವರು ಕಡಿಮೆ. ಆಪ್ತಸಮಾಲೋಚನೆಯ ಟಿಪ್ಪಣಿಯನ್ನು ವಿದ್ಯಾರ್ಥಿಯ ಸಂಚಿತ ದಾಖಲೆಯಲ್ಲಿ ಹಚ್ಚಬಾರದು. ಅದನ್ನು ಗುಮಾಸ್ತರಿಂದ ಹಿಡಿದು ಪರಿವೀಕ್ಷಕರವರೆಗೆ ಎಲ್ಲರೂ ತಿರುವುತ್ತಾರೆ. ಅದಕ್ಕೆ ಬೇರೆ ಕಪಾಟು, ಬೇರೆ ಬೀಗದ ಕೈ ಬೇಕು. ಕಂಡದ್ದನ್ನು, ಕೇಳಿದ್ದನ್ನು ಬರೆಯಬೇಕೇ ಹೊರತು ಊಹಿಸಿದ್ದನ್ನಲ್ಲ. "ಹುಡುಗ ಮೂರು ದಿನ ಊಟ ಬಿಟ್ಟಿದ್ದಾನೆ" ಎಂಬುದು ಟಿಪ್ಪಣಿ. "ಹುಡುಗನಿಗೆ ತಲೆ ಸರಿಯಿಲ್ಲ" ಎಂಬುದು ಅಪವಾದ. ವರ್ಗಾವಣೆ ಪತ್ರದ ನಡತೆಯ ಅಂಕಣದಲ್ಲಿ ಇಂಥ ಯಾವುದರ ನೆರಳೂ ಬೀಳಬಾರದು.

ಪಾಠ ಹೇಳುವವರೇ ಆಪ್ತಸಮಾಲೋಚಕರೂ ಆಗಿರುವ ಶಾಲೆಗಳೇ ಹೆಚ್ಚು. ಬೆಳಿಗ್ಗೆ ಬೆತ್ತ ಹಿಡಿದ ಕೈಗೆ ಸಂಜೆ ಗುಟ್ಟನ್ನು ಒಪ್ಪಿಸೆಂದರೆ ಮಗು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದನ್ನು ಇಲ್ಲಿ ನೆನೆಯಬಹುದು. ತರಗತಿಯ ಉಪಾಧ್ಯಾಯರಲ್ಲದ, ಆ ಮಗುವಿಗೆ ಅಂಕ ಹಾಕದ ಒಬ್ಬರಿಗೆ ಈ ಕಾರ್ಯವನ್ನು ವಹಿಸಿ, ವಾರದಲ್ಲಿ ಎರಡು ಸಂಜೆ ಅವರಿಗೆ ಬೇರೆ ಕೆಲಸ ಕೊಡದಿರುವುದು ಆಡಳಿತಕ್ಕೆ ದೊಡ್ಡ ಖರ್ಚಿನ ಬಾಬಲ್ಲ. ವಿದ್ಯಾರ್ಥಿನಿಯರಿಗೆ ಉಪಾಧ್ಯಾಯಿನಿಯೊಬ್ಬರಿರುವುದು ಲೇಸು. ಕೇಳುವವರ ಮನಸ್ಸಿಗೂ ಭಾರವುಂಟು. ಅವರು ಮಗುವಿನ ಹೆಸರನ್ನೂ ಗುರುತನ್ನೂ ಮರೆಮಾಡಿ ಹೊರಗಿನ ತಜ್ಞರೊಬ್ಬರೊಡನೆ ಸಮಾಲೋಚಿಸುವುದು ಗೋಪ್ಯತೆಯ ಭಂಗವಲ್ಲ. ಮಾತುಕತೆ ನಡೆಯುವ ಸ್ಥಳವು ಹೊರಗಿನವರಿಗೆ ಕಾಣುವಂತಿದ್ದು, ಮಾತು ಕೇಳದಂತಿರಬೇಕು. ಬಾಗಿಲಿಗೆ ಗಾಜಿರುವ ಗ್ರಂಥಾಲಯದ ಪಕ್ಕದ ಕೊಠಡಿ, ಅಂಗಳದ ಬೇವಿನ ಮರದ ಕಟ್ಟೆ, ಎರಡೂ ಆದೀತು.

ಕಂಬದ ಮರೆಯಿಂದ ಬಂದ ಆ ಹುಡುಗನಿಗೆ ಗುರು ಹೇಳಬೇಕಾಗಿದ್ದ ಮಾತು ಬಹಳ ದೊಡ್ಡದೇನಲ್ಲ. "ನೀ ಹೇಳಿದ್ದು ನನ್ನ ಹತ್ರ ಇರ್ತದಪ್ಪ. ಆದ್ರ ನಿನ್ನ ಜೀವಕ್ಕ, ಇಲ್ಲಾ ಇನ್ನೊಬ್ಬರ ಜೀವಕ್ಕ ಅಪಾಯ ಐತಿ ಅಂತ ಕಂಡ್ರ, ಇಲ್ಲಾ ಯಾರಾದ್ರೂ ನಿನ್ನ ಮೈಮ್ಯಾಲೆ ಕೈ ಮಾಡ್ಯಾರಂದ್ರ, ಅದನ್ನ ತಡಿಯೋ ಅಂಥವ್ರಿಗೆ ನಾ ಹೇಳಬೇಕಾಗ್ತದ. ಹೇಳೋಕ್ಕಿಂತ ಮೊದ್ಲ ನಿನಗ ಹೇಳ್ತೀನಿ. ಈಗ ಕೂಡು." ಇಷ್ಟನ್ನು ಕೇಳಿಯೂ ಹುಡುಗ ಸುಮ್ಮನೆ ಎದ್ದು ಹೋಗಬಹುದು. ಹೋದರೆ ತಡೆಯಬೇಕಾಗಿಲ್ಲ, ಅಂದು ರಾತ್ರಿ ನಿಲಯದಲ್ಲಿ ಅವನ ಮೇಲೆ ಒಂದು ಕಣ್ಣಿಟ್ಟು, ಮರುದಿನ ಅದೇ ಹೊತ್ತಿಗೆ ಗುರು ಅದೇ ಕಂಬದ ಬಳಿ ಇದ್ದರಾಯಿತು.